ಹರಿದ ಕೆಂಪು ಬಾವುಟ: ಲಂಡನ್–ಬ್ರೈಟನ್ ಮೋಟಾರು ಯಾತ್ರೆಯ ಪ್ರಕರಣ ಅಧ್ಯಯನ

ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಭಾನುವಾರ ಸೂರ್ಯ ಮೂಡುವ ಹೊತ್ತಿಗೆ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನೂರಾರು ಹಳೆಯ ಮೋಟಾರು ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಕೆಲವಕ್ಕೆ ಮೂರೇ ಚಕ್ರ. ಕೆಲವಕ್ಕೆ ಸ್ಟೀರಿಂಗ್ ಚಕ್ರವಿಲ್ಲ, ಅದರ ಜಾಗದಲ್ಲಿ ದೋಣಿಯ ಚುಕ್ಕಾಣಿಯನ್ನು ಹೋಲುವ ಒಂದು ಹಿಡಿಕೋಲು. ಬಹುಪಾಲಿಗೆ ಮೇಲೆ ಸೂರಿಲ್ಲ, ಎದುರಿಗೆ ಗಾಜಿಲ್ಲ. ಹೊರಡುವ ಮುನ್ನ ಎಲ್ಲರ ಎದುರು ಒಂದು ಕೆಂಪು ಬಾವುಟವನ್ನು ಹರಿದು ಹಾಕುತ್ತಾರೆ. ಆಮೇಲೆ ಗಾಡಿಗಳು ಒಂದರ ಹಿಂದೆ ಒಂದು ದಕ್ಷಿಣಕ್ಕೆ, ಸುಮಾರು 60 ಮೈಲಿ ದೂರದ ಸಮುದ್ರತೀರದ ಬ್ರೈಟನ್ ಪಟ್ಟಣದ ಕಡೆಗೆ ಹೊರಡುತ್ತವೆ. 1905ರ ಜನವರಿ 1ಕ್ಕಿಂತ ಮೊದಲು ತಯಾರಾದದ್ದೆಂದು ಸಿದ್ಧಪಟ್ಟ ಗಾಡಿಗಷ್ಟೇ ಇಲ್ಲಿ ಪ್ರವೇಶ.

ಹಳೆಯ ಕಾರುಗಳ ಮೇಲಿನ ಮೋಹವನ್ನು ಉಳ್ಳವರ ಹವ್ಯಾಸವೆಂದು ಬದಿಗಿರಿಸುವುದು ಸುಲಭ. ಆದರೆ ಈ ಯಾತ್ರೆಯ ಕಥೆಯನ್ನು ಮೊದಲಿನಿಂದ ನೋಡುತ್ತ ಬಂದರೆ, ಒಂದು ಸಮಾಜ ತನ್ನ ಯಂತ್ರಗಳನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ, ಹಾಗೆ ನೆನೆಯುವಾಗ ಯಾವುದನ್ನು ತಪ್ಪಾಗಿ ನೆನೆಯುತ್ತದೆ, ಮತ್ತು ಆ ತಪ್ಪಿನ ನಡುವೆಯೇ ಏನನ್ನು ಉಳಿಸಿಕೊಳ್ಳುತ್ತದೆ ಎಂಬುದು ಒಂದೇ ಕಡೆ ಕಾಣಸಿಗುತ್ತದೆ. ಈ ಅಧ್ಯಯನದ ವಾದ ಇಷ್ಟು: ಮೊದಲ ಯಾತ್ರೆಯ ಬಗ್ಗೆ ಬೆಳೆದುಬಂದ ನೆನಪು ಹಲವು ಕಡೆ ಸಡಿಲವಾಗಿದೆ; ಆದರೆ ಗಾಡಿಯನ್ನು ಓಡಿಸಿಯೇ ನೆನೆಯಬೇಕೆಂಬ ಹಟ, ಗಾಜಿನ ಹಿಂದೆ ನಿಲ್ಲಿಸಿದ್ದರೆ ಅಳಿದುಹೋಗುತ್ತಿದ್ದ ತಿಳಿವಳಿಕೆಯನ್ನು ಕಾಪಾಡಿದೆ.

ಬಾವುಟದ ಹಿಂದಿನ ಕಾನೂನು

ಬ್ರಿಟನ್ನಿನ 1865ರ ಲೋಕೋಮೋಟಿವ್ ಕಾಯ್ದೆ ಹುಟ್ಟಿದ್ದು ಕಾರುಗಳಿಗಾಗಿ ಅಲ್ಲ. ಆಗ ರಸ್ತೆಯ ಮೇಲೆ ಸಂಚರಿಸುತ್ತಿದ್ದದ್ದು ಟನ್ನುಗಟ್ಟಲೆ ತೂಗುವ ಉಗಿ ಎಂಜಿನ್ನುಗಳು. ಅವು ರಸ್ತೆಯನ್ನು ಕೆಡಿಸುತ್ತಿದ್ದವು, ಕುದುರೆಗಳನ್ನು ಬೆದರಿಸುತ್ತಿದ್ದವು. ಆದ್ದರಿಂದ ಹಳ್ಳಿಯ ರಸ್ತೆಯಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಎಂದು ವೇಗಕ್ಕೆ ಮಿತಿ ಹಾಕಲಾಯಿತು. ಗಾಡಿಯ ಜತೆಗೆ ಕನಿಷ್ಠ ಮೂವರು ಇರಬೇಕು, ಅವರಲ್ಲೊಬ್ಬ ಕೆಂಪು ಬಾವುಟ ಹಿಡಿದು 60 ಗಜ ಮುಂದೆ ನಡೆಯಬೇಕು ಎಂದು ವಿಧಿಸಲಾಯಿತು. ಸ್ವಂತ ಬಲದಿಂದ ಚಲಿಸುವ ಯಾವ ಗಾಡಿಯಾದರೂ ಕಾಯ್ದೆಯ ಕಣ್ಣಿಗೆ ಲೋಕೋಮೋಟಿವ್ ಆಗಿದ್ದುದರಿಂದ, ಮೂವತ್ತು ವರ್ಷಗಳ ಅನಂತರ ಬಂದ ಹಗುರವಾದ ಪೆಟ್ರೋಲ್ ಗಾಡಿಗೂ ಇದೇ ನಿಯಮ ಅನ್ವಯಿಸಿತು. ಅಷ್ಟರಲ್ಲಿ ಫ್ರಾನ್ಸಿನಲ್ಲಿ 1894ರ ಪ್ಯಾರಿಸ್–ರೂಆಂ ಸ್ಪರ್ಧೆ ಮುಗಿದಿತ್ತು. 1895ರಲ್ಲಿ ಎಮಿಲ್ ಲೆವಾಸೋರ್ ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿ 48 ಗಂಟೆ 48 ನಿಮಿಷಗಳಲ್ಲಿ ಮರಳಿದ್ದ.

ಬ್ರಿಟನ್ನಿನಲ್ಲಿ ಕಾನೂನನ್ನು ಮೊದಲು ಕೆಣಕಿದವರಲ್ಲಿ ಎವೆಲಿನ್ ಎಲ್ಲಿಸ್ ಒಬ್ಬ. 1895ರ ಜುಲೈನಲ್ಲಿ ಆತ ಫ್ರಾನ್ಸಿನಿಂದ ತರಿಸಿದ ಪಾನಾರ್–ಲೆವಾಸೋರ್ ಗಾಡಿಯನ್ನು ಮೈಕೆಲ್‌ಡೆವರ್ ರೈಲು ನಿಲ್ದಾಣದಿಂದ ಡ್ಯಾಚೆಟ್‌ವರೆಗೆ 56 ಮೈಲಿ ಓಡಿಸಿದ. ಜತೆಯಲ್ಲಿ ಕುಳಿತಿದ್ದ ಫ್ರೆಡರಿಕ್ ಸಿಮ್ಸ್ ದಾರಿಯಲ್ಲಿ ಎದುರಾದ ಕುದುರೆಗಳನ್ನೂ ಎಣಿಸಿದ: 133ರಲ್ಲಿ ಗಾಡಿಯನ್ನು ಒಪ್ಪದೆ ಹೋದವು ಎರಡು ಚಿಕ್ಕ ಕುದುರೆಗಳಷ್ಟೇ. ಆ ಎಣಿಕೆಯ ಉದ್ದೇಶ ಸ್ಪಷ್ಟ, ಕುದುರೆ ಬೆದರುತ್ತದೆ ಎಂಬ ಕಾನೂನಿನ ಆಧಾರವನ್ನೇ ಅದು ಅಲುಗಾಡಿಸುತ್ತಿತ್ತು. 1896ರ ಜನವರಿಯಲ್ಲಿ ಕೆಂಟ್ ಪ್ರಾಂತದ ಪ್ಯಾಡಕ್ ವುಡ್‌ನಲ್ಲಿ ವಾಲ್ಟರ್ ಆರ್ನಲ್ಡ್ ಎಂಬಾತ ಗಂಟೆಗೆ 8 ಮೈಲಿ ವೇಗದಲ್ಲಿ ಹೋಗುತ್ತಿದ್ದಾಗ ಪೊಲೀಸನೊಬ್ಬ ಸೈಕಲ್ ತುಳಿದು ಬೆನ್ನಟ್ಟಿ ಹಿಡಿದ. ಅತಿವೇಗಕ್ಕಾಗಿ ಆತನಿಗೆ ಬಿದ್ದ ದಂಡ ಒಂದು ಶಿಲಿಂಗ್. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಒಪ್ಪಿತು. 3 ಟನ್ನಿಗಿಂತ ಹಗುರವಾದ ಗಾಡಿಗಳ ಮುಂದೆ ಯಾರೂ ನಡೆಯಬೇಕಾಗಿಲ್ಲವೆಂದಾಯಿತು. ಕಾಯ್ದೆ ವೇಗವನ್ನು ಗಂಟೆಗೆ 14 ಮೈಲಿಯವರೆಗೆ ಬಿಟ್ಟುಕೊಟ್ಟರೂ ಸ್ಥಳೀಯ ಆಡಳಿತ ಮಂಡಳಿ ಅದನ್ನು 12ಕ್ಕೆ ಇಳಿಸಿತು. ಜಾರಿಗೆ ಬರಬೇಕಾದ ದಿನ 1896ರ ನವೆಂಬರ್ 14, ಶನಿವಾರ.

ಇಲ್ಲೇ ನೆನಪಿನ ಮೊದಲ ಸಡಿಲು ಎದುರಾಗುತ್ತದೆ. ಕೆಂಪು ಬಾವುಟದ ಕಡ್ಡಾಯ 1878ರ ತಿದ್ದುಪಡಿಯಲ್ಲೇ ಹೋಗಿತ್ತು. ಉಳಿದಿದ್ದದ್ದು 20 ಗಜ ಮುಂದೆ ನಡೆಯಬೇಕಾದ ಮನುಷ್ಯ ಮಾತ್ರ. ಅಂದರೆ 1896ರಲ್ಲಿ ಹರಿದದ್ದು ಹದಿನೆಂಟು ವರ್ಷ ಹಿಂದೆಯೇ ಕಾನೂನಿನಿಂದ ಇಳಿದುಹೋಗಿದ್ದ ಬಾವುಟ. ಯಾತ್ರೆ ಹೊರಡುವ ಮೊದಲೇ, ಅದನ್ನು ನಡೆಸಿದವರು ತಮ್ಮ ಇತಿಹಾಸಕ್ಕೆ ಒಂದು ಗುರುತನ್ನು ಆರಿಸಿಕೊಂಡಿದ್ದರು. ಸುಳ್ಳೆಂದು ಇದನ್ನು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಮುಂದೆ ನಡೆಯುವ ಮನುಷ್ಯನನ್ನು ಹರಿಯಲಾಗದು, ಬಟ್ಟೆಯನ್ನು ಹರಿಯಬಹುದು. ಜನಕ್ಕೆ ಕಾಣುವಂತೆ ಒಂದು ಕಾನೂನಿನ ಕೊನೆಯನ್ನು ತೋರಿಸಲು ಅವರಿಗೆ ಒದಗಿದ್ದು ಅದೊಂದೇ ವಸ್ತು.

ಆ ಶನಿವಾರ

ಯಾತ್ರೆಯ ಹಿಂದಿದ್ದವನು ಹ್ಯಾರಿ ಲಾಸನ್. ಸೈಕಲ್ ಉದ್ಯಮದಲ್ಲಿ ಬೆಳೆದ ಈತ ಅಲ್ಲಿ ನಿಜಕ್ಕೂ ಕೆಲಸ ಮಾಡಿದವನೇ, ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವ ಸೈಕಲ್ಲಿನ ಆರಂಭದ ವಿನ್ಯಾಸಗಳಲ್ಲೊಂದು ಅವನದು. ಆದರೆ 1896ರ ಹೊತ್ತಿಗೆ ಅವನ ಮುಖ್ಯ ಕಸುಬು ಕಂಪನಿಗಳನ್ನು ಹುಟ್ಟುಹಾಕಿ ಷೇರು ಮಾರುವುದಾಗಿತ್ತು. ಸಿಮ್ಸ್‌ನಿಂದ ಡೈಮ್ಲರ್ ಎಂಜಿನ್ನಿನ ಬ್ರಿಟಿಷ್ ಹಕ್ಕನ್ನು ಪಡೆದು, ಸಿಕ್ಕ ಪೇಟೆಂಟುಗಳನ್ನೆಲ್ಲ ಕೊಂಡು, ದೇಶದಲ್ಲಿ ಯಾರೇ ಮೋಟಾರು ಗಾಡಿ ತಯಾರಿಸಿದರೂ ತನಗೆ ಕಪ್ಪ ಸಲ್ಲಿಸಬೇಕು ಎಂಬ ಸ್ಥಿತಿಯನ್ನು ತರಲು ಅವನು ಹೊರಟಿದ್ದ. ಹೊಸ ಕಾಯ್ದೆ ಜಾರಿಯಾಗುವ ದಿನದಂದೇ ‘ವಿಮೋಚನಾ ಯಾತ್ರೆ’ ನಡೆಸುವುದೆಂದರೆ ಕಾನೂನಿನ ಸಂಭ್ರಮದ ಜತೆಗೆ ಷೇರಿನ ಪ್ರಚಾರವೂ ಆಗುತ್ತಿತ್ತು. ಇದನ್ನು ಮರೆತು ಆ ದಿನವನ್ನು ಬರಿಯ ಸಾಹಸವೆಂದು ಹೇಳಿದರೆ ಪ್ರಕರಣ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಬೆಳಗ್ಗೆ ಚೇರಿಂಗ್ ಕ್ರಾಸ್ ಹೋಟೆಲಿನಲ್ಲಿ ಉಪಾಹಾರ ನಡೆಯಿತು, ಅಲ್ಲಿ ವಿಂಚಿಲ್ಸೀ ಪ್ರಭು ಬಾವುಟವನ್ನು ಹರಿದ. ಗಾಡಿಗಳು ಲಂಡನ್ನಿನ ಮೆಟ್ರೊಪೋಲ್ ಹೋಟೆಲಿನಿಂದ ಹೊರಟು ಬ್ರೈಟನ್ನಿನ ಅದೇ ಹೆಸರಿನ ಹೋಟೆಲನ್ನು ಸೇರಬೇಕಿತ್ತು. ಹವಾಮಾನ ಕೆಟ್ಟಿತ್ತು, ಮಳೆ, ಚಳಿ, ಎದುರುಗಾಳಿ. ದಾರಿಯ ಎರಡೂ ಬದಿಗೆ ಕಿಕ್ಕಿರಿದ ಜನ ಲಂಡನ್ ದಾಟುವವರೆಗೂ ಗಾಡಿಗಳನ್ನು ಮುಂದೆ ಸರಿಯಲು ಬಿಡಲಿಲ್ಲ. ಜರ್ಮನಿಯಿಂದ ಗಾಟ್ಲೀಬ್ ಡೈಮ್ಲರ್ ಬಂದಿದ್ದ. ಫ್ರಾನ್ಸಿನ ಬೊಲ್ಲೆ ಸಹೋದರರು ತಮ್ಮ ಮೂರು ಚಕ್ರದ ಹಗುರವಾದ ಗಾಡಿಗಳನ್ನು ತಂದಿದ್ದರು. ಅಮೆರಿಕದ ಡ್ಯೂರಿಯಾ ಬಂಡಿಗಳೂ ಇದ್ದವು. ಹೊರಟ ಗಾಡಿಗಳು 33, ತಲುಪಿದವು 17 ಎಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಮೊದಲು ತಲುಪಿದ್ದು ಬೊಲ್ಲೆ ಗಾಡಿ ಎಂದು ಹೆಚ್ಚಿನವರು ಬರೆಯುತ್ತಾರೆ, ಡ್ಯೂರಿಯಾ ಎಂಬ ವಾದವೂ ಅಂದಿನಿಂದಲೇ ಇದೆ. ವಿದ್ಯುತ್ ಗಾಡಿಗಳಿಗೆ ಅಷ್ಟು ದೂರ ಸಾಗುವ ಬ್ಯಾಟರಿ ಇರಲಿಲ್ಲ. ಒಂದನ್ನು ರೈಲಿನಲ್ಲಿ ಬ್ರೈಟನ್ನಿಗೆ ಸಾಗಿಸಿ, ರಸ್ತೆಯಲ್ಲೇ ಬಂದಂತೆ ಕಾಣಲೆಂದು ಮೈತುಂಬ ಕೆಸರು ಬಳಿದು ಮೆರವಣಿಗೆಗೆ ಸೇರಿಸಿದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ಆ ದಿನಕ್ಕೆ ಮೂರು ತಿಂಗಳು ಮೊದಲು ನಡೆದ ಇನ್ನೊಂದು ಘಟನೆಯನ್ನು ಇಲ್ಲಿ ದಾಖಲಿಸಲೇಬೇಕು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಪ್ರದರ್ಶನಕ್ಕಾಗಿ ಓಡುತ್ತಿದ್ದ ಮೋಟಾರು ಗಾಡಿಯೊಂದು ತಗುಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ತೀರಿಕೊಂಡಳು. ಬ್ರಿಟನ್ನಿನಲ್ಲಿ ಮೋಟಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆಯೇ. ನವೆಂಬರಿನ ಸಂಭ್ರಮದ ವರ್ಣನೆಗಳಲ್ಲಿ ಆಕೆಯ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಹಂಬಲದಿಂದ ಬರೆದ ಇತಿಹಾಸಕ್ಕೆ ಇರುವ ದೊಡ್ಡ ಕೊರತೆ ಇದು ಎಂದು ನಾನು ತಿಳಿದಿದ್ದೇನೆ: ರಸ್ತೆ ಯಾರಿಗೆ ಸಿಕ್ಕಿತು ಎಂಬುದು ಅದಕ್ಕೆ ಕಾಣುತ್ತದೆ, ಯಾರಿಗೆ ತಪ್ಪಿತು ಎಂಬುದು ಕಾಣುವುದಿಲ್ಲ.

ಲಾಸನ್ನನ ಸಾಮ್ರಾಜ್ಯ ಬಾಳಲಿಲ್ಲ. ಅವನು ಕೊಂಡ ಪೇಟೆಂಟುಗಳಲ್ಲಿ ಹಲವು ನಿರುಪಯುಕ್ತವಾದವು, ಉಳಿದವುಗಳ ಹಿಡಿತ ನ್ಯಾಯಾಲಯದಲ್ಲಿ ಸಡಿಲವಾಯಿತು. 1904ರಲ್ಲಿ ಇನ್ನೊಂದು ಕಂಪನಿಯ ಷೇರು ವಂಚನೆಯ ಪ್ರಕರಣದಲ್ಲಿ ಅವನಿಗೆ ಒಂದು ವರ್ಷದ ಸಜೆಯಾಯಿತು.

ಗುಜರಿಯಿಂದ ಗೌರವಕ್ಕೆ

ಯಾತ್ರೆ ಮುಗಿದ ಮೂವತ್ತೊಂದು ವರ್ಷಗಳ ಮೇಲೆ, 1927ರಲ್ಲಿ, ‘ಡೈಲಿ ಸ್ಕೆಚ್’ ಪತ್ರಿಕೆಯ ಬೆಂಬಲದಲ್ಲಿ ಅದನ್ನು ಮತ್ತೆ ನಡೆಸಲಾಯಿತು. ಮೂವತ್ತೊಂದು ವರ್ಷ ಎಂದರೆ ಎಷ್ಟು ಎಂಬುದನ್ನು ನಮ್ಮ ಅನುಭವಕ್ಕೆ ತಂದುಕೊಂಡು ನೋಡಬೇಕು. ತೊಂಬತ್ತರ ದಶಕದ ನಡುವಿನಲ್ಲಿ ಕೊಂಡ ಮಾರುತಿ 800 ಇಂದು ಎಷ್ಟು ಹಳೆಯದೋ, 1927ರಲ್ಲಿ ಆ ಮೊದಲ ಗಾಡಿಗಳು ಅಷ್ಟೇ ಹಳೆಯವಾಗಿದ್ದವು. ಅಂಥ ಮಾರುತಿಯನ್ನು ನಮ್ಮಲ್ಲಿ ಹೆಚ್ಚಿನವರು ಪುರಾತನ ವಸ್ತುವೆಂದು ಭಾವಿಸುವುದಿಲ್ಲ, ಜಾಗ ಹಿಡಿದಿರುವ ಹಳೆಯ ಗಾಡಿಯೆಂದು ಗುಜರಿಗೆ ಹಾಕುತ್ತಾರೆ. ಇಂಗ್ಲೆಂಡಿನಲ್ಲೂ ನಡೆದದ್ದು ಅದೇ. ಮೊದಲ ಮಹಾಯುದ್ಧದಲ್ಲಿ ಲೋಹಕ್ಕಾಗಿ ಎಷ್ಟೋ ಗಾಡಿಗಳು ಕರಗಿದವು. ಉಳಿದವು ಕೊಟ್ಟಿಗೆಗಳಲ್ಲಿ, ಕುದುರೆ ಲಾಯಗಳಲ್ಲಿ ಕೋಳಿಗಳಿಗೆ ಗೂಡಾಗಿ ನಿಂತಿದ್ದವು. ಮೊದಮೊದಲು ಜನ ಇದನ್ನು ಕರೆದದ್ದು ‘ಮುರುಕು ಗಾಡಿಗಳ ಓಟ’ ಎಂಬ ಅರ್ಥದ ಹೆಸರಿನಿಂದ. ದಾರಿಯಲ್ಲಿ ಕೆಟ್ಟು ನಿಂತ ಗಾಡಿಯನ್ನೂ, ಹಳೆಯ ಟೋಪಿ ತೊಟ್ಟ ಸವಾರನನ್ನೂ ನೋಡಿ ನಗುವುದೇ ಆಗಿನ ಆಕರ್ಷಣೆಯಾಗಿತ್ತು.

ಆ ನಗೆಯನ್ನು ಗೌರವವಾಗಿ ತಿರುಗಿಸಿದ್ದು 1930ರಲ್ಲಿ ನಡೆದ ಎರಡು ಸಂಗತಿಗಳು. ಯಾತ್ರೆಯ ಹೊಣೆಯನ್ನು ರಾಯಲ್ ಆಟೊಮೊಬೈಲ್ ಕ್ಲಬ್ ವಹಿಸಿಕೊಂಡಿತು. ಅದೇ ವರ್ಷದ ಯಾತ್ರೆ ಮುಗಿದ ಬಳಿಕ ಬ್ರೈಟನ್ನಿನ ಓಲ್ಡ್ ಶಿಪ್ ಹೋಟೆಲಿನಲ್ಲಿ ಸೇರಿದ ಉತ್ಸಾಹಿಗಳು ‘ವೆಟರನ್ ಕಾರ್ ಕ್ಲಬ್’ ಸ್ಥಾಪಿಸಿದರು. ಮುರುಕು ಎಂಬುದರ ಜಾಗದಲ್ಲಿ ವೆಟರನ್, ಅಂದರೆ ಪಳಗಿದ ಹಿರಿಯ ಎಂಬ ಪದ ಬಂದು ಕೂತಿತು. ಹೆಸರು ಬದಲಾದ ಮೇಲೆ ಕೊಟ್ಟಿಗೆಯಲ್ಲಿದ್ದ ವಸ್ತುವನ್ನು ನೋಡುವ ರೀತಿಯೂ ಬದಲಾಯಿತು. ನಮ್ಮಲ್ಲಿ ಹಳೆಯದೆಲ್ಲವನ್ನೂ ‘ವಿಂಟೇಜ್ ಕಾರು’ ಎಂದುಬಿಡುವುದು ರೂಢಿ. ಬ್ರಿಟನ್ನಿನ ಬಳಕೆಯಲ್ಲಿ ವಿಂಟೇಜ್ ಎಂದರೆ 1919ರಿಂದ 1930ರವರೆಗಿನವು ಮಾತ್ರ. ಬ್ರೈಟನ್ನಿಗೆ ಹೋಗುವ ಗಾಡಿಗಳು ಅವುಗಳಿಗಿಂತ ಒಂದು ತಲೆಮಾರು ಹಿರಿಯವು. ಎರಡನೆಯ ಮಹಾಯುದ್ಧದ ವರ್ಷಗಳು, ಪೆಟ್ರೋಲ್ ಪಡಿತರವಿದ್ದ 1947 ಮತ್ತು ಕೋವಿಡ್ ಕಾಲದ 2020, ಇವಿಷ್ಟನ್ನು ಬಿಟ್ಟರೆ ಯಾತ್ರೆ ನಿಂತಿಲ್ಲ.

1904 ಎಂಬ ಗೆರೆ

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಪ್ರವೇಶದ ಗೆರೆ. ‘ಇಷ್ಟು ವರ್ಷ ಹಳೆಯದಾದರೆ ಸಾಕು’ ಎನ್ನುವ ನಿಯಮ ಇದಲ್ಲ. ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ವಾಹನಗಳ ನೋಂದಣಿ ನಿಯಮ 50 ವರ್ಷ ದಾಟಿದ ವಾಹನವನ್ನು ಆ ವರ್ಗಕ್ಕೆ ಸೇರಿಸುತ್ತದೆ. ಹಾಗಾಗಿ ವರ್ಷ ಕಳೆದಂತೆ ಹೊಸ ವಾಹನಗಳು ಗುಂಪಿಗೆ ಸೇರುತ್ತಲೇ ಇರುತ್ತವೆ. ಬ್ರೈಟನ್ ಯಾತ್ರೆಯ ಗೆರೆ ಮಾತ್ರ 1904ರ ಕೊನೆಯ ದಿನದಲ್ಲಿ ನಿಂತುಬಿಟ್ಟಿದೆ. ಅದರ ಆಚೆಗಿನ ಗಾಡಿ ಎಷ್ಟೇ ಹಳೆಯದಾದರೂ, ಎಷ್ಟೇ ಬೆಲೆಬಾಳಿದರೂ ಪ್ರವೇಶವಿಲ್ಲ.

ಮೋಟಾರಿನ ಇತಿಹಾಸ ಬಲ್ಲವರಿಗೆ ಆ ಗೆರೆಯ ಅರ್ಥ ತಿಳಿಯುತ್ತದೆ. 1904ರವರೆಗಿನ ಹತ್ತು ಹದಿನೈದು ವರ್ಷಗಳಲ್ಲಿ ಗಾಡಿ ಹೇಗಿರಬೇಕು ಎಂಬುದೇ ಇತ್ಯರ್ಥವಾಗಿರಲಿಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಗಾಡಿಗಳಲ್ಲಿ ಉಗಿಯವು 1,681, ವಿದ್ಯುತ್ತಿನವು 1,575, ಪೆಟ್ರೋಲಿನವು 936 ಮಾತ್ರ ಇದ್ದವು. ಎಂಜಿನ್ ಸೀಟಿನ ಕೆಳಗೋ ಹಿಂದೆಯೋ, ಬಲ ಸಾಗಿಸುವುದು ತೊಗಲಿನ ಬೆಲ್ಟೋ ಚೈನೋ, ತಿರುಗಿಸಲು ಹಿಡಿಕೋಲೋ ಚಕ್ರವೋ, ಪ್ರತಿಯೊಂದಕ್ಕೂ ಒಬ್ಬೊಬ್ಬ ತಯಾರಕನ ಒಂದೊಂದು ಉತ್ತರವಿತ್ತು. ಅನಂತರ ಎಂಜಿನ್ ಮುಂದೆ, ನಡುವೆ ಕ್ಲಚ್ ಮತ್ತು ಗೇರ್‌ಪೆಟ್ಟಿಗೆ, ಬಲ ಹಿಂದಿನ ಚಕ್ರಕ್ಕೆ ಎಂಬ ಪಾನಾರ್ ಕ್ರಮವೇ ಗೆದ್ದಿತು. ಸೋತ ಉತ್ತರಗಳು ಇಂದಿಗೂ ಒಟ್ಟಿಗೆ ರಸ್ತೆಯ ಮೇಲೆ ಚಲಿಸುವುದನ್ನು ನೋಡಬೇಕಾದರೆ ಬ್ರೈಟನ್ ದಾರಿಗೇ ಹೋಗಬೇಕು.

ಗೆರೆ ಎಳೆದ ಮೇಲೆ ಅದನ್ನು ಕಾಯಲೇಬೇಕಾಯಿತು. ಒಂದು ಗಾಡಿ 1904ರದ್ದೋ 1905ರದ್ದೋ ಎಂಬುದನ್ನು ತೀರ್ಮಾನಿಸುವುದು ಕಠಿಣ ಕೆಲಸ, ಏಕೆಂದರೆ ತಯಾರಕರಲ್ಲಿ ಬಹುಪಾಲು ಮುಚ್ಚಿಹೋಗಿದ್ದಾರೆ, ಅವರ ಪುಸ್ತಕಗಳು ಉಳಿದಿಲ್ಲ. ವೆಟರನ್ ಕಾರ್ ಕ್ಲಬ್ಬಿನ ಪರಿಣತರು ಎಂಜಿನ್ ಮತ್ತು ಚಾಸಿಗಳ ಸಂಖ್ಯೆ, ಅಂದಿನ ಕೆಟಲಾಗು, ಪತ್ರಿಕಾ ಚಿತ್ರ, ಬೋಲ್ಟುಗಳ ರೀತಿ, ಎರಕದ ಗುರುತು ಇವುಗಳನ್ನೆಲ್ಲ ಹೋಲಿಸಿ ಗಾಡಿಗೆ ಕಾಲನಿರ್ಣಯದ ಪ್ರಮಾಣಪತ್ರ ಕೊಡುತ್ತಾರೆ. ಬ್ರಿಟನ್ನಿನಲ್ಲಿ 1904ರ ಜನವರಿ 1ರಿಂದ ನೋಂದಣಿ ಫಲಕ ಕಡ್ಡಾಯವಾದುದರಿಂದ, ಸ್ಥಳೀಯ ಆಡಳಿತಗಳು ಆಗ ಬರೆದಿಟ್ಟ ನೋಂದಣಿ ಪುಸ್ತಕಗಳು ಈ ಕೆಲಸಕ್ಕೆ ಅಮೂಲ್ಯ ಆಧಾರ. ತೆರಿಗೆ ಮತ್ತು ಪೊಲೀಸರ ಅನುಕೂಲಕ್ಕಾಗಿ ಬರೆದ ಸಾಲುಗಳು ಒಂದು ಯಂತ್ರದ ಜಾತಕವಾಗಿ ಒದಗಿವೆ. ಹೊಸ ಆಧಾರ ಸಿಕ್ಕಿ ಗಾಡಿಯ ಕಾಲ 1905ಕ್ಕೆ ಜಾರಿದರೆ ಅದು ಯಾತ್ರೆಯಿಂದ ಹೊರಬೀಳುತ್ತದೆ, ಬೆಲೆಯೂ ಕುಸಿಯುತ್ತದೆ. ಆದ್ದರಿಂದ ಒಡೆಯರಿಗೆ ಈ ಶೋಧದಲ್ಲಿ ಸ್ವಾರ್ಥವಿದೆ, ಪರಿಣತರಿಗೆ ಅದನ್ನು ಮೀರುವ ಹೊಣೆಯಿದೆ. ಆರಂಭದ ಮೋಟಾರು ತಯಾರಕರ ಬಗ್ಗೆ ಇಂದು ತಿಳಿದಿರುವುದರಲ್ಲಿ ಗಣನೀಯ ಪಾಲು ಬಂದದ್ದು ವಿಶ್ವವಿದ್ಯಾಲಯಗಳಿಂದಲ್ಲ, ಈ ಜಗಳಗಳಿಂದ.

ಓಡಿಸುವವನಿಗೆ ಗೊತ್ತಿರುವುದು

ಆರಂಭದ ಡೈಮ್ಲರ್ ಎಂಜಿನ್ನುಗಳಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರಲಿಲ್ಲ. ಸಿಲಿಂಡರಿಗೆ ತೆರೆದುಕೊಂಡ ಪ್ಲಾಟಿನಂ ಕೊಳವೆಯೊಂದನ್ನು ಹೊರಗಿನಿಂದ ಬರ್ನರಿನ ಉರಿಯಿಂದ ಕೆಂಪಗೆ ಕಾಯಿಸಿಡಬೇಕು. ಒತ್ತಿದ ಅನಿಲ ಆ ಕೊಳವೆಗೆ ನುಗ್ಗಿದಾಗ ಹೊತ್ತಿಕೊಳ್ಳುತ್ತದೆ. ಜೋರು ಗಾಳಿ ಬೀಸಿದರೆ ಬರ್ನರ್ ಆರುತ್ತದೆ, ಎಂಜಿನ್ ನಿಲ್ಲುತ್ತದೆ. ಒಳಹರಿವಿನ ಕವಾಟವನ್ನು ತೆರೆಯಲು ಯಾವ ಸಾಧನವೂ ಇಲ್ಲ, ಪಿಸ್ಟನ್ ಕೆಳಗಿಳಿಯುವಾಗಿನ ಹೀರುವಿಕೆಯೇ ಅದನ್ನು ತೆರೆಯಬೇಕು. ಸ್ಪ್ರಿಂಗ್ ಸ್ವಲ್ಪ ಬಿಗಿಯಾದರೆ ಎಂಜಿನ್ ಉಸಿರುಗಟ್ಟುತ್ತದೆ, ಸ್ವಲ್ಪ ಸಡಿಲವಾದರೆ ತಡವಾಗಿ ಮುಚ್ಚಿ ಬಲ ಕಳೆದುಕೊಳ್ಳುತ್ತದೆ. ಎಣ್ಣೆ ತೊಟ್ಟು ತೊಟ್ಟಾಗಿ ಬೀಳುವ ಗಾಜಿನ ಬಟ್ಟಲುಗಳನ್ನು ಓಡಿಸುತ್ತಲೇ ಗಮನಿಸಿ ತಿರುಪು ಸರಿಪಡಿಸುತ್ತಿರಬೇಕು. ಮಳೆಯಲ್ಲಿ ಬೆಂಜ್ ಗಾಡಿಯ ತೊಗಲು ಬೆಲ್ಟ್ ಹಿಗ್ಗಿ ಜಾರುತ್ತದೆ. ಏರಿನಲ್ಲಿ ಎಂಜಿನ್ ಸೋತರೆ ಗಾಡಿ ಹಿಂದಕ್ಕೆ ಉರುಳದಂತೆ ನೆಲಕ್ಕೆ ಊರುವ ಒಂದು ಕೋಲು ಕೆಲವು ಗಾಡಿಗಳ ಅಡಿಯಲ್ಲಿ ತೂಗುತ್ತಿರುತ್ತದೆ, ಅದನ್ನು ಸಕಾಲದಲ್ಲಿ ಬಿಡದಿದ್ದರೆ ಉಪಯೋಗವಿಲ್ಲ.

ಇವೆಲ್ಲ ಪುಸ್ತಕದಲ್ಲಿವೆ. ಆದರೆ ಬರ್ನರ್ ಆರುವ ಮುನ್ನ ಎಂಜಿನ್ನಿನ ಸದ್ದು ಹೇಗೆ ಬದಲಾಗುತ್ತದೆ, ಯಾವ ನಡುಕ ಸಹಜ, ಯಾವುದು ಬೇರಿಂಗ್ ಸವೆದ ಸೂಚನೆ ಎಂಬುದು ಪುಸ್ತಕದಲ್ಲಿಲ್ಲ. ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಯಲ್ಲೇ ಇಟ್ಟುಕೊಳ್ಳಬೇಕು, ಸುತ್ತಿ ಹಿಡಿದರೆ ಹ್ಯಾಂಡಲ್ ಹಿಮ್ಮೊಗವಾಗಿ ಒದೆದಾಗ ಕೈ ಮುರಿಯುತ್ತದೆ. ನಮ್ಮ ಊರುಗಳ ಹಳೆಯ ಬಸ್ಸುಗಳ ಕ್ಲೀನರುಗಳಿಗೂ ಈ ಪಾಠ ಬಾಯಿಮಾತಿನಿಂದಲೇ ಬಂದದ್ದು. ಅಂಥ ತಿಳಿವಳಿಕೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾತ್ರ ದಾಟುತ್ತದೆ, ಅದಕ್ಕೆ ಯಂತ್ರ ಓಡುತ್ತಿರಬೇಕು.

ಓಡಿದರೆ ಯಂತ್ರ ಸವೆಯುತ್ತದೆ ಎಂಬ ಆಕ್ಷೇಪ ಗಂಭೀರವಾದುದು. ವರ್ಷಗಳು ಕಳೆದಂತೆ ಬೇರಿಂಗುಗಳನ್ನು ಹೊಸದಾಗಿ ಎರಕ ಹೊಯ್ಯಬೇಕು, ಮರದ ಚಕ್ರದ ಅರಗಳನ್ನು ಬದಲಿಸಬೇಕು, ಕಾರ್ಬುರೇಟರನ್ನು ಇಂದಿನ ಪೆಟ್ರೋಲಿಗೆ ಹೊಂದಿಸಬೇಕು. ಕೊನೆಗೆ 1898ರದ್ದೆನ್ನುವ ಗಾಡಿಯಲ್ಲಿ ಆ ವರ್ಷದ ಲೋಹ ಎಷ್ಟು ಉಳಿದಿದೆ ಎಂಬ ಪ್ರಶ್ನೆ ಏಳುತ್ತದೆ. ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಕಡೆಗಳಲ್ಲಿ ಗಾಡಿಗಳನ್ನು ನಿಲ್ಲಿಸಿ ಕಾಪಾಡುವುದಕ್ಕೂ ಅದರದೇ ಸಮರ್ಥನೆಯಿದೆ. ನನ್ನ ತೀರ್ಮಾನ ಹೀಗೆ: ಒಂದು ಮಾದರಿಯ ಒಂದೇ ಗಾಡಿ ಉಳಿದಿದ್ದರೆ ಅದು ನಿಂತಿರಲಿ, ಹತ್ತು ಉಳಿದಿದ್ದರೆ ಕೆಲವಾದರೂ ಓಡಲಿ. ಸವೆದ ಬೇರಿಂಗನ್ನು ಮತ್ತೆ ಎರೆಯಬಹುದು, ಎರೆಯಬಲ್ಲವನು ಇಲ್ಲದಾದರೆ ಅವನನ್ನು ಮತ್ತೆ ತರಲಾಗದು. ದೆಹಲಿಯಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆ 1964ರಲ್ಲಿ ಆರಂಭಿಸಿದ ಹಳೆಯ ಕಾರುಗಳ ರ್‍ಯಾಲಿ ನಮ್ಮ ದೇಶದ ಮೆಕ್ಯಾನಿಕ್ಕುಗಳಿಗೆ ಇಂಥದೇ ಕಾರಣವೊಂದನ್ನು ಒದಗಿಸಿತು.

ಬ್ರೈಟನ್ ಯಾತ್ರೆ ಸ್ಪರ್ಧೆಯಲ್ಲ. ಯಾರು ಮೊದಲು ಬಂದರೆಂದು ಪ್ರಕಟಿಸುವುದಿಲ್ಲ. ಸಂಜೆ ನಾಲ್ಕೂವರೆಯೊಳಗೆ ಗುರಿ ಸೇರಿದವರಿಗೆಲ್ಲ ಒಂದೇ ಪದಕ. 1896ರಲ್ಲಿ ಅರ್ಧದಷ್ಟು ಗಾಡಿಗಳು ಸೇರದೆ ಹೋದ ದಾರಿಯಲ್ಲಿ ಇಂದು ಅವೇ ಕಾಲದ ಗಾಡಿಗಳಲ್ಲಿ ಬಹುಪಾಲು ಸೇರುತ್ತವೆ, ನೂರಿಪ್ಪತ್ತು ವರ್ಷ ಹೆಚ್ಚು ವಯಸ್ಸಾಗಿದ್ದರೂ. 1927ರಲ್ಲಿ ಹಿಡಿಕೋಲು ಹಿಡಿದವರಲ್ಲಿ ಆ ಗಾಡಿಗಳನ್ನು ಹೊಸತರಲ್ಲಿ ಓಡಿಸಿದವರೂ ಇದ್ದರು. ಇಂದು ಅವನ್ನು ಓಡಿಸುವವರೆಲ್ಲರೂ ಅವರಿಂದ, ಅಥವಾ ಅವರಿಂದ ಕಲಿತವರಿಂದ, ಕೆಸರಿನ ರಸ್ತೆಯ ಬದಿಯಲ್ಲಿ ನಿಂತು ಕಲಿತವರು.